ಬೇಸ್‌ಬಾಲ್ ಕಮಿಷನರಿಗೊಂದು ಬಹಿರಂಗ ಪತ್ರ: ಮೊದಲು ಲೆಕ್ಕದ ಪುಸ್ತಕ ತೆಗೆಯಿರಿ

ಇವರಿಗೆ,
ಶ್ರೀ ರಾಬ್ ಮ್ಯಾನ್‌ಫ್ರೆಡ್,
ಕಮಿಷನರ್, ಮೇಜರ್ ಲೀಗ್ ಬೇಸ್‌ಬಾಲ್, ನ್ಯೂಯಾರ್ಕ್
ಹಾಗೂ 30 ತಂಡಗಳ ಮಾಲೀಕರಿಗೆ

ಮಾನ್ಯರೇ,

ತಂಡಗಳ ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಅದು ಮುಗಿದ ಕೂಡಲೇ ಲಾಕೌಟ್ ಆಗುತ್ತದೆ, ಅಂದರೆ ಮಾಲೀಕರೇ ಆಟಕ್ಕೆ ಬೀಗ ಹಾಕುತ್ತಾರೆಂದು ಅಭಿಮಾನಿಗಳೆಲ್ಲ ಈಗಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇವೆ. ಜಗಳದ ಮೂಲ ಎಲ್ಲರಿಗೂ ಗೊತ್ತು. ಲಾಸ್ ಏಂಜಲೀಸ್, ನ್ಯೂಯಾರ್ಕಿನಂಥ ದೊಡ್ಡ ಊರಿನ ತಂಡಗಳು ಹಣ ಸುರಿದು ಆಟವನ್ನೇ ಕೊಂಡುಕೊಳ್ಳುತ್ತಿವೆ, ಸಣ್ಣ ಊರಿನವರಿಗೆ ಉಳಿಗಾಲವಿಲ್ಲ, ಆದ್ದರಿಂದ ಸಂಬಳಕ್ಕೊಂದು ಮಿತಿ ಹಾಕಬೇಕು ಎಂಬ ವಾದ. ಕೊಲರಾಡೊ, ಬಾಲ್ಟಿಮೋರ್ ತಂಡಗಳ ಮಾಲೀಕರು ಈ ಮಿತಿ, ಅಂದರೆ ಸ್ಯಾಲರಿ ಕ್ಯಾಪ್ ಬೇಕೆಂದು ಬಾಯಿಬಿಟ್ಟೇ ಹೇಳಿದ್ದಾರೆ. 2025ರ ಬೇಸಿಗೆಯಲ್ಲಿ ನೀವು ಈ ವಿಷಯವಾಗಿ ಫಿಲಡೆಲ್ಫಿಯಾ ಆಟಗಾರರ ಕೋಣೆಗೆ ಹೋದಾಗ ಬ್ರೈಸ್ ಹಾರ್ಪರ್ ನಿಮಗೆ ಬಾಗಿಲು ತೋರಿಸಿದ ಸುದ್ದಿಯನ್ನೂ ಓದಿದೆವು.

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನೆಲೆಸಿರುವ ಕನ್ನಡಿಗ. ಕ್ರಿಕೆಟ್ ನೋಡಿ ಬೆಳೆದು, ಇಲ್ಲಿಗೆ ಬಂದ ಮೇಲೆ ಬೇಸ್‌ಬಾಲ್ ಹಚ್ಚಿಕೊಂಡವನು. ಹಚ್ಚಿಕೊಂಡ ತಂಡ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಅದೂ ಬಾರ್ಟ್ ರೈಲಿನ ಕೃಪೆಯಿಂದ. ಕೊಲಿಸಿಯಂ ಸ್ಟೇಷನ್ನಿನಲ್ಲಿ ಇಳಿದು ಮೇಲ್ಸೇತುವೆ ದಾಟಿದರೆ ಸ್ಟೇಡಿಯಮ್ಮಿನ ಬಾಗಿಲು. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇಂಗ್ಲಿಷಿನ ಅರ್ಜಿಗಳು ನಿಮಗೆ ಬೇಕಾದಷ್ಟು ಬಂದಿವೆ. ನನ್ನ ಹಾಗೆ ಟಿಕೆಟ್ ಕೊಂಡ ನಮ್ಮ ಜನ ಈ ಲೆಕ್ಕವನ್ನು ತಮ್ಮ ಭಾಷೆಯಲ್ಲಿ ಒಮ್ಮೆ ಓದಲಿ ಎಂಬ ಆಸೆಯೂ ಇದೆ.

ನಿಮ್ಮ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡದ ಸ್ಥಳೀಯ ಟಿವಿ ಒಪ್ಪಂದವೊಂದೇ 25 ವರ್ಷಕ್ಕೆ 835 ಕೋಟಿ ಡಾಲರಿನದು. ಸಣ್ಣ ಊರುಗಳ ಆಟ ತೋರಿಸುತ್ತಿದ್ದ ಕೇಬಲ್ ಕಂಪನಿ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ರಾಷ್ಟ್ರೀಯ ಪ್ರಸಾರದ ಹಣ 30 ಪಾಲಾಗುತ್ತದೆ, ಸರಿ. ಆದರೆ ಊರಿನ ಹಣ ಬಹುಪಾಲು ಊರಲ್ಲೇ ಉಳಿಯುತ್ತದೆ, ಅಂತರವೆಲ್ಲ ಹುಟ್ಟುವುದು ಅಲ್ಲೇ. ಆ ತಂಡದ ಶೋಹೇ ಓಟಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್, ಅದರಲ್ಲಿ 68 ಕೋಟಿ 2034ರಿಂದ ಕೊಡುವ ಸಾಲದ ಲೆಕ್ಕ. ಹ್ವಾನ್ ಸೋಟೋಗೆ ನ್ಯೂಯಾರ್ಕಿನ ಮೆಟ್ಸ್ ಬರೆದುಕೊಟ್ಟದ್ದು 15 ವರ್ಷಕ್ಕೆ 76.5 ಕೋಟಿ. 2025ರಲ್ಲಿ ಸಂಬಳದ ಗೆರೆ ದಾಟಿದ್ದಕ್ಕೆ ಡಾಡ್ಜರ್ಸ್ ಕಟ್ಟಿದ ಲಕ್ಷುರಿ ಟ್ಯಾಕ್ಸೇ ಸುಮಾರು 17 ಕೋಟಿ ಡಾಲರ್. ಮಯಾಮಿಯ ಇಡೀ ತಂಡದ ವರ್ಷದ ಸಂಬಳಕ್ಕಿಂತ ಈ ದಂಡವೇ ಎಷ್ಟೋ ಹೆಚ್ಚು.

ಹಣ ಮೈದಾನದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಿದ್ದರೆ 2025ರ ಅಕ್ಟೋಬರ್ ನೋಡಬೇಕು. ಮಿಲ್ವಾಕಿ ಬ್ರೂವರ್ಸ್ ಲೀಗಿನ ಅತಿ ಚಿಕ್ಕ ಮಾರುಕಟ್ಟೆಗಳಲ್ಲೊಂದರ ತಂಡ. ಅದರ ಸಂಬಳದ ಮೊತ್ತ ಡಾಡ್ಜರ್ಸಿನದರ ಸುಮಾರು ಮೂರನೇ ಒಂದು ಪಾಲು. ಆ ವರ್ಷ 97 ಪಂದ್ಯ ಗೆದ್ದು ಎಲ್ಲರಿಗಿಂತ ಮೇಲೆ ನಿಂತವರು ಅವರೇ. ಲೀಗ್ ಹಂತದಲ್ಲಿ ಡಾಡ್ಜರ್ಸನ್ನು ಎದುರಿಸಿದ ಆರಕ್ಕೆ ಆರೂ ಪಂದ್ಯ ಗೆದ್ದಿದ್ದರು. ಅಕ್ಟೋಬರಿನಲ್ಲಿ ಅದೇ ಎದುರಾಳಿಯ ಮುಂದೆ ನಾಲ್ಕು ಪಂದ್ಯಗಳಲ್ಲಿ ಅವರು ಹೊಡೆದದ್ದು ಒಟ್ಟು ನಾಲ್ಕೇ ರನ್. ಭುಜದ ನೋವಿನಿಂದ ಸೀಸನ್ನಿನ ಬಹುಭಾಗ ಹೊರಗೆ ಕುಳಿತಿದ್ದ ಡಾಡ್ಜರ್ಸಿನ ಪಿಚ್ಚರ್ (ಚೆಂಡೆಸೆಯುವವರು) ಬ್ಲೇಕ್ ಸ್ನೆಲ್ ಬಂದು ಎಂಟು ಇನಿಂಗ್ಸಿನಲ್ಲಿ ಒಂದೇ ಒಂದು ಹಿಟ್ ಕೊಟ್ಟರು. ಮರುದಿನ ಇನ್ನೊಬ್ಬ ಪಿಚ್ಚರ್ ಯಮಮೋಟೊ ಒಂಬತ್ತೂ ಇನಿಂಗ್ಸ್, ಅಂದರೆ ಇಡೀ ಪಂದ್ಯ, ತಾವೇ ಮುಗಿಸಿದರು. ನಾಲ್ಕನೆಯ ಪಂದ್ಯದಲ್ಲಿ ಓಟಾನಿ ಚೆಂಡೆಸೆದು ಹತ್ತು ಜನರನ್ನು ಸ್ಟ್ರೈಕೌಟ್ ಮಾಡಿ, ತಾವೇ ಬ್ಯಾಟ್ ಹಿಡಿದು ಮೂರು ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದರು. ಶ್ರೀಮಂತ ತಂಡದ ನಿಜವಾದ ಅನುಕೂಲ ಇರುವುದು ಇಲ್ಲಿ. 18.2 ಕೋಟಿ ಡಾಲರಿನ ಪಿಚ್ಚರ್ ನಾಲ್ಕು ತಿಂಗಳು ಗಾಯಗೊಂಡು ಮಲಗಿದರೂ ಅವರ ಸಂಸಾರ ನಡೆಯುತ್ತದೆ. ಮಿಲ್ವಾಕಿಯಲ್ಲಿ ಹಾಗಾದರೆ ಆ ವರ್ಷದ ಕಥೆ ಮುಗಿಯಿತು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಕೇಳುತ್ತೇನೆ: ಹಣವೇ ಗೆಲ್ಲುವುದಾದರೆ ಮೆಟ್ಸ್ ಏಕೆ ಗೆಲ್ಲಲಿಲ್ಲ? 2023ರಲ್ಲಿ ಅಲ್ಲಿಯವರೆಗಿನ ದಾಖಲೆ ಸಂಬಳ ಕೊಟ್ಟು ಅವರು ಗೆದ್ದದ್ದು 75, ಸೋತದ್ದು 87. 2025ರಲ್ಲಿ ಸೋಟೋ ಬಂದ ಮೇಲೂ ಪ್ಲೇಆಫ್ ಮುಟ್ಟಲಿಲ್ಲ. ಕೊನೆಯ ದಿನ ಅವರನ್ನು ಹಿಂದಿಕ್ಕಿ ಒಳಗೆ ಹೋದದ್ದು ಸಿನ್ಸಿನಾಟಿ. ಕ್ಯಾಪ್ ಬೇಕೆನ್ನುವ ಕೊಲರಾಡೊ ರಾಕೀಸ್ ಕ್ರಿಸ್ ಬ್ರಯಂಟ್‌ಗೆ 18.2 ಕೋಟಿ ಡಾಲರಿನ ಒಪ್ಪಂದ ಬರೆದುಕೊಟ್ಟಿತು. ಹೌದು, ಸ್ನೆಲ್‌ಗೆ ಡಾಡ್ಜರ್ಸ್ ಕೊಟ್ಟಷ್ಟೇ. ಬ್ರಯಂಟ್ ಬೆನ್ನುನೋವಿನಿಂದ ಆಡಿದ್ದಕ್ಕಿಂತ ಕೂತದ್ದೇ ಹೆಚ್ಚು, ತಂಡ 2025ರಲ್ಲಿ 119 ಪಂದ್ಯ ಸೋತಿತು. ಅದಕ್ಕೆ ಲಾಸ್ ಏಂಜಲೀಸ್ ಏನು ಮಾಡಬೇಕು? 2000ದಲ್ಲಿ ನ್ಯೂಯಾರ್ಕಿನ ಯಾಂಕೀಸ್ ಸತತ ಮೂರನೆಯ ಬಾರಿ ಗೆದ್ದ ಮೇಲೆ, 2025ರಲ್ಲಿ ಡಾಡ್ಜರ್ಸ್ ಗೆಲ್ಲುವವರೆಗೆ ಯಾವ ತಂಡವೂ ವರ್ಲ್ಡ್ ಸೀರೀಸನ್ನು, ಅಂದರೆ ಲೀಗಿನ ಫೈನಲ್ಲನ್ನು, ಬೆನ್ನುಬೆನ್ನಿಗೆ ಗೆದ್ದಿರಲಿಲ್ಲ. ಆ ನಡುವೆ 2015ರಲ್ಲಿ ಕ್ಯಾನ್ಸಸ್ ಸಿಟಿ ಗೆದ್ದಿತು. ಟ್ಯಾಂಪಾ ಬೇ ಎರಡು ಸಲ ಫೈನಲ್ ಮುಟ್ಟಿತು. 2025ರ ಫೈನಲ್ಲಿನ ಏಳನೆಯ ಪಂದ್ಯದಲ್ಲಂತೂ ಒಂಬತ್ತನೆಯ ಇನಿಂಗ್ಸಿನಲ್ಲಿ ಟೊರೊಂಟೊದ ಬಾಯಿಂದ ತುತ್ತು ಕಸಿದವರು ಬ್ಯಾಟಿಂಗ್ ಸಾಲಿನ ಕೊನೆಯಲ್ಲಿ ನಿಂತಿದ್ದ, ಡಾಡ್ಜರ್ಸಿನ 36 ವರ್ಷದ ಮಿಗೆಲ್ ರೋಹಾಸ್. ಆ ತಂಡದಲ್ಲಿ ಅಗ್ಗಕ್ಕೆ ಸಿಕ್ಕವರಲ್ಲಿ ಅವರೂ ಒಬ್ಬರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮಲ್ಲೊಂದು ಗಾದೆಯಿದೆ. ಬೇಸ್‌ಬಾಲಿನ ನೆಲ ನಿಜಕ್ಕೂ ಸ್ವಲ್ಪ ಡೊಂಕಾಗಿದೆ. ಆದರೆ ನಿಮ್ಮಲ್ಲಿ ಕೆಲವರು ಗೆಜ್ಜೆಯನ್ನೇ ಕಟ್ಟಿಲ್ಲ.

ಪಿಟ್ಸ್‌ಬರ್ಗ್ ನೋಡಿ. ಅಲ್ಲಿನ ಪಿಚ್ಚರ್ ಪಾಲ್ ಸ್ಕೀನ್ಸ್ 2025ರಲ್ಲಿ 1.97 ಇ.ಆರ್.ಎ. (ಒಂಬತ್ತು ಇನಿಂಗ್ಸಿಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ) ಇಟ್ಟು ಅತ್ಯುತ್ತಮ ಪಿಚ್ಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಒಂದು ಮತವೂ ಆಚೀಚೆಯಾಗದಂತೆ ಗೆದ್ದರು. ಅವರ ಲೆಕ್ಕಕ್ಕೆ ಬಂದ ಪಂದ್ಯಗಳು ಮಾತ್ರ 10 ಗೆಲುವು, 10 ಸೋಲು. ಆತ ಎಸೆಯುತ್ತಿದ್ದಾಗ ರನ್ ಹೊಡೆಯುವವರು ಇರಲಿಲ್ಲ. ಇಡೀ ಲೀಗಿನಲ್ಲಿ ಅತಿ ಕಡಿಮೆ ಹೋಮ್ ರನ್ ಆ ತಂಡದ್ದು, 117. ಹೊಸ ಆಟಗಾರನನ್ನು ಮೊದಲ ಆರು ವರ್ಷ ತಂಡ ಕೈಬಿಡಬೇಕಿಲ್ಲ, ಅದರಲ್ಲೂ ಮೊದಲ ಕೆಲವು ವರ್ಷ ಲೀಗಿನ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಇಟ್ಟುಕೊಳ್ಳಬಹುದು. ಆ ಕನಿಷ್ಠ 2025ರಲ್ಲಿ 7.6 ಲಕ್ಷ ಡಾಲರ್. ಅಂದರೆ ಜಗತ್ತಿನ ಅತ್ಯುತ್ತಮ ಪಿಚ್ಚರ್ ಸಣ್ಣ ತಂಡಕ್ಕೆ ಬಹುತೇಕ ಬಿಟ್ಟಿಯಾಗಿ ಸಿಕ್ಕಿದ್ದಾನೆ. ಉಳಿದ ಹಣದಲ್ಲಿ ಇಬ್ಬರು ಬ್ಯಾಟರುಗಳನ್ನು ತರಲು ಯಾವ ಡಾಡ್ಜರ್ಸ್ ಅಡ್ಡ ಬಂದಿತ್ತು? ಆ ತಂಡ ಪ್ಲೇಆಫ್ ಕಂಡದ್ದು 2015ರಲ್ಲಿ. 2025ರ ಏಪ್ರಿಲಿನಲ್ಲಿ ತವರಿನ ಮೊದಲ ಪಂದ್ಯದ ದಿನ ಅಭಿಮಾನಿಗಳು ವಿಮಾನದ ಬಾಲಕ್ಕೆ ಬ್ಯಾನರ್ ಕಟ್ಟಿ, ತಂಡ ಮಾರಿಬಿಡಿ ಎಂದು ಮಾಲೀಕರಿಗೆ ಆಕಾಶದಿಂದಲೇ ಅರ್ಜಿ ಸಲ್ಲಿಸಿದರು. ಅದೇ ತಿಂಗಳು ಬಲಗೋಡೆಯ ಮೇಲಿದ್ದ, ಆ ತಂಡದ ಹಿಂದಿನ ದಿಗ್ಗಜ ಆಟಗಾರ ರೊಬೆರ್ಟೊ ಕ್ಲೆಮೆಂಟೆಯ 21ನೆಯ ಸಂಖ್ಯೆಯ ಜಾಗದಲ್ಲಿ ಮದ್ಯದ ಜಾಹೀರಾತು ಕಾಣಿಸಿತು. ಜನ ರೊಚ್ಚಿಗೆದ್ದ ಮೇಲೆ 21 ಮತ್ತೆ ಗೋಡೆಗೆ ಬಂತು.

ಈಗ ನಮ್ಮ ಊರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಅಥ್ಲೆಟಿಕ್ಸ್ 1968ರಿಂದ ಓಕ್‌ಲ್ಯಾಂಡಿನಲ್ಲಿತ್ತು. 2002ರಲ್ಲಿ ಸಣ್ಣ ಜೇಬಿನಲ್ಲೇ ಸತತ 20 ಪಂದ್ಯ, ಒಟ್ಟು 103 ಪಂದ್ಯ ಗೆದ್ದ ತಂಡ ಅದು. ಈಗಿನ ಒಡೆತನ ಬಂದದ್ದು 2005ರಲ್ಲಿ, 18 ಕೋಟಿ ಡಾಲರಿಗೆ. ಮೊದಲು ನಮ್ಮ ಫ್ರೀಮಾಂಟಿನಲ್ಲೇ ಹೊಸ ಸ್ಟೇಡಿಯಂ ಎಂದರು, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ ಎಂದರು. ಆ ಊರು ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ತಂಡದ ವ್ಯಾಪ್ತಿಯೆಂದು ನಿಮ್ಮ ಲೀಗೇ ತಡೆಯಿತು. ನಗರಸಭೆ ಕೋರ್ಟಿಗೆ ಹೋಯಿತು. ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದೆಂದು 1922ರಿಂದ ಇರುವ ವಿನಾಯಿತಿ ಅಡ್ಡ ಬಂತು, 2015ರಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಇಷ್ಟರ ನಡುವೆ ಬೆಳೆದ ಆಟಗಾರರೆಲ್ಲ ಒಬ್ಬೊಬ್ಬರಾಗಿ ಹೊರಟರು. ಮಾರ್ಕಸ್ ಸೆಮಿಯನ್ ಹೋಗಿ ಟೆಕ್ಸಸ್ಸಿನಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಮ್ಯಾಟ್ ಓಲ್ಸನ್ ಅಟ್ಲಾಂಟಾದಲ್ಲಿ ಒಂದೇ ವರ್ಷ 54 ಹೋಮ್ ರನ್ ಹೊಡೆದರು. ಮ್ಯಾಟ್ ಚಾಪ್ಮನ್, ಶಾನ್ ಮರ್ಫಿ ಇಬ್ಬರನ್ನೂ ಬೇರೆ ತಂಡಗಳಿಗೆ ದಾಟಿಸಲಾಯಿತು. 2023ರಲ್ಲಿ ಉಳಿದ ತಂಡ 112 ಪಂದ್ಯ ಸೋತಿತು. ಜನ ಬರುವುದಿಲ್ಲ ಎಂದು ದೂರು ಬೇರೆ!

ಅದೇ ವರ್ಷ ಜೂನ್ 13ರಂದು ಅಭಿಮಾನಿಗಳು ತಿರುಗುಬಾಣದ ಬಹಿಷ್ಕಾರ ಹೂಡಿದರು. ಬಹಿಷ್ಕಾರವೆಂದರೆ ಬಾರದಿರುವುದಲ್ಲ, ಎಲ್ಲರೂ ಒಟ್ಟಿಗೆ ಬರುವುದು. 27,759 ಜನ ಬಂದರು. ಬಲಬದಿಯ ಬೆಂಚು ಸಾಲುಗಳಲ್ಲಿ ಡ್ರಮ್, ಎದೆಯ ಮೇಲೆ 'ಸೆಲ್' (ತಂಡ ಮಾರಿ) ಎಂದು ಬರೆದ ಹಸಿರು ಟಿ-ಶರ್ಟುಗಳು. ಲೀಗಿನ ಅಗ್ರಸ್ಥಾನದಲ್ಲಿದ್ದ ಟ್ಯಾಂಪಾ ಬೇಯನ್ನು ಆ ರಾತ್ರಿ ಅಥ್ಲೆಟಿಕ್ಸ್ 2-1ರಿಂದ ಸೋಲಿಸಿತು. ಅದೇ ದಿನ ನೆವಾಡಾ ಸೆನೆಟ್ ಲಾಸ್ ವೇಗಸ್ ಸ್ಟೇಡಿಯಮ್ಮಿಗೆ 38 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಎರಡು ದಿನ ಬಿಟ್ಟು ನೀವು ಆ ಜನಸಾಗರದ ಬಗ್ಗೆ, ಅದು ಮೇಜರ್ ಲೀಗಿನ ಒಂದು ಸರಾಸರಿ ದಿನದಷ್ಟಾಯಿತು ಎಂಬರ್ಥದ ಮಾತಾಡಿದಿರಿ. ಕಮಿಷನರ್ ಸಾಹೇಬರೇ, ಆ ಮಾತನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ನವೆಂಬರಿನಲ್ಲಿ 30 ಮಾಲೀಕರೂ ಒಮ್ಮತದಿಂದ ತಂಡದ ವಲಸೆಗೆ ಕೈಯೆತ್ತಿದರು. ಊರು ಬಿಡುವ ತಂಡ ಲೀಗಿಗೆ ಕಟ್ಟಬೇಕಾದ ಶುಲ್ಕವನ್ನೂ ಮಾಫಿ ಮಾಡಿದಿರಿ. 2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ. ಈಗ ತಂಡ ಸ್ಯಾಕ್ರಮೆಂಟೊದಲ್ಲಿ, ಕೆಳಹಂತದ ಲೀಗಿನ ಮೈದಾನದಲ್ಲಿ, ಊರಿನ ಹೆಸರೂ ಇಲ್ಲದೆ ಆಡುತ್ತಿದೆ. ಹೇಳಿ, ಓಕ್‌ಲ್ಯಾಂಡನ್ನು ಖಾಲಿ ಮಾಡಿದ್ದು ಯಾಂಕೀಸಿನ ಹಣವೇ?

ಇನ್ನು ನನ್ನ ದೂರಿನ ತಿರುಳಿಗೆ ಬರುತ್ತೇನೆ. ನಿಮ್ಮ ನಿಯಮದಂತೆ ಪ್ರತಿ ತಂಡವೂ ಸ್ಥಳೀಯ ನಿವ್ವಳ ಆದಾಯದ ಶೇ. 48ರಷ್ಟನ್ನು ಸಾಮಾನ್ಯ ನಿಧಿಗೆ ಹಾಕಬೇಕು, ಅದು 30 ಸಮಪಾಲಾಗುತ್ತದೆ. ದೊಡ್ಡವರಿಂದ ಸಣ್ಣವರಿಗೆ ಹಣ ಹರಿಯುವುದು ಹೀಗೆ. ಆ ಹಣ ತಂಡ ಕಟ್ಟಲು ಬಳಕೆಯಾಗಬೇಕೆಂಬ ಷರತ್ತೂ ಇದೆ. ಹಾಗೆ ಬಳಸುತ್ತಿಲ್ಲವೆಂದು 2018ರಲ್ಲಿ ಆಟಗಾರರ ಸಂಘ ಓಕ್‌ಲ್ಯಾಂಡ್, ಮಯಾಮಿ, ಪಿಟ್ಸ್‌ಬರ್ಗ್, ಟ್ಯಾಂಪಾ ಬೇ ತಂಡಗಳ ಮೇಲೆ ದೂರು ಕೊಟ್ಟಿತು; ಅದು ವರ್ಷಗಟ್ಟಲೆ ಎಳೆದಾಡಿತು. ಈಗಿನ ಒಪ್ಪಂದದ ಪ್ರಕಾರ ಹಂಚಿಕೆಯಲ್ಲಿ ಬಂದ ಹಣದ ಒಂದೂವರೆ ಪಟ್ಟಾದರೂ ಸಂಬಳಕ್ಕೆ ಹೋಗದಿದ್ದರೆ, ದೂರು ಬಂದಾಗ ತಾನು ಸರಿಯಿದ್ದೇನೆಂದು ತೋರಿಸುವ ಹೊಣೆ ತಂಡದ್ದೇ. 2024ರ ಚಳಿಗಾಲದಲ್ಲಿ ಅಥ್ಲೆಟಿಕ್ಸ್ ತಂಡಕ್ಕೆ ಇಂಥ ದೂರಿನ ಭಯ ಎದುರಾಗಿದೆಯೆಂದು ಪತ್ರಿಕೆಗಳಲ್ಲಿ ವರದಿ ಬಂತು. ನೋಡನೋಡುತ್ತಿದ್ದಂತೆ ಲೂಯಿಸ್ ಸೆವೆರಿನೊ ಎಂಬ ಪಿಚ್ಚರ್‌ಗೆ 6.7 ಕೋಟಿ ಡಾಲರ್ ಹೊರಬಿತ್ತು. ಆ ತಂಡದ ಚರಿತ್ರೆಯಲ್ಲೇ ಅಲ್ಲಿಯವರೆಗೆ ಅಷ್ಟು ದೊಡ್ಡ ಒಪ್ಪಂದ ಆಗಿರಲಿಲ್ಲ. ಐವತ್ತಾರು ವರ್ಷ ತುಂಬಿದ ಊರಿನಲ್ಲಿ ಇಲ್ಲದ ಹಣ, ಹದಿನಾಲ್ಕು ಸಾವಿರ ಜನ ಹಿಡಿಸುವ ಬಾಡಿಗೆ ಮೈದಾನಕ್ಕೆ ಹೋದ ಕೂಡಲೇ ಎಲ್ಲಿಂದ ಬಂತು? ಉತ್ತರ ನಿಮ್ಮ ಬಳಿ ಇರಬೇಕು, ನಮಗಂತೂ ತಿಳಿಯುವ ದಾರಿಯಿಲ್ಲ.

ಏಕೆಂದರೆ ನಿಮ್ಮ ಲೆಕ್ಕದ ಪುಸ್ತಕ ನಾವು ನೋಡುವಂತಿಲ್ಲ. ಅಟ್ಲಾಂಟಾ ಬ್ರೇವ್ಸ್ ಷೇರು ಮಾರುಕಟ್ಟೆಯಲ್ಲಿರುವುದರಿಂದ ಅದು ಲೆಕ್ಕ ಒಪ್ಪಿಸಲೇಬೇಕು. 2024ರಲ್ಲಿ ಬೇಸ್‌ಬಾಲಿನಿಂದಲೇ ಅದಕ್ಕೆ ಬಂದದ್ದು ಸುಮಾರು 60 ಕೋಟಿ ಡಾಲರ್. ಉಳಿದವರು ನಷ್ಟವೆಂದರೆ ನಾವು ನಂಬಬೇಕು. ಆದರೆ ನಷ್ಟದ ಅಂಗಡಿಗೆ ಇಂಥ ಬೆಲೆ ಬರುವುದು ಹೇಗೆ? ಟ್ಯಾಂಪಾ ಬೇ ಮಾಲೀಕರು 2004ರಲ್ಲಿ ಸುಮಾರು 20 ಕೋಟಿಗೆ ಕೊಂಡ ತಂಡವನ್ನು 2025ರಲ್ಲಿ ಸುಮಾರು 170 ಕೋಟಿ ಡಾಲರಿಗೆ ಮಾರಿದರು. ಆ ವರ್ಷ ತಂಡಕ್ಕೆ ಸ್ವಂತ ಸ್ಟೇಡಿಯಂ ಕೂಡ ಇರಲಿಲ್ಲ; ಚಂಡಮಾರುತ ಅದರ ಛಾವಣಿಯನ್ನು ಕಿತ್ತುಹಾಕಿತ್ತು.

ನಮ್ಮವರಲ್ಲಿ ಅನೇಕರು, ಐಪಿಎಲ್‌ನಲ್ಲಿ ಪರ್ಸಿಗೆ ಮಿತಿ ಇದೆಯಲ್ಲ, ಇಲ್ಲೂ ಹಾಗೇ ಮಾಡಲಿ ಎನ್ನುತ್ತಾರೆ. ಇದಕ್ಕೆ ಉತ್ತರ ಬೆಂಗಳೂರಿನ ಅಭಿಮಾನಿಗಳೇ ಹೇಳಬೇಕು. ಎಲ್ಲ ತಂಡಗಳಿಗೂ ಒಂದೇ ಮಿತಿ ಇದ್ದೂ ಮುಂಬೈ ಐದು ಸಲ, ಚೆನ್ನೈ ಐದು ಸಲ ಗೆದ್ದವು. ಕೊಹ್ಲಿ ಇದ್ದ ಆರ್‌ಸಿಬಿ ಮೊದಲ ಕಪ್ ಕಂಡದ್ದು 18ನೆಯ ಸೀಸನ್ನಿನಲ್ಲಿ. ಮಿತಿಯಿಂದ ಕಪ್ ಹಂಚಿಕೆಯಾಗಲಿಲ್ಲ. ಹಂಚಿಕೆಯಾದದ್ದು ಬೇರೆ: 2025ಕ್ಕೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ, ಹತ್ತು ತಂಡ ಸೇರಿ 1,200 ಕೋಟಿ. ಪ್ರಸಾರ ಹಕ್ಕಿನಿಂದ ಬರುವುದು ಐದು ವರ್ಷಕ್ಕೆ 48,390 ಕೋಟಿ. ಆಟಗಾರನ ಪಾಲು ಎಷ್ಟು, ಉಳಿದದ್ದು ಯಾರಿಗೆ ಎಂದು ಲೆಕ್ಕ ಹಾಕಲು ಕಾಲ್ಕ್ಯುಲೇಟರ್ ಬೇಡ. ಕ್ಯಾಪ್ ಎಂದ ಕೂಡಲೇ ಮಾಲೀಕರ ಮುಖ ಅರಳುವುದೂ ಈ ಕಾರಣಕ್ಕೇ ಎಂಬುದು ನನ್ನ ಅನುಮಾನ.

ಅನುಮಾನಕ್ಕೆ ಚರಿತ್ರೆಯ ಆಧಾರವಿದೆ. ತನ್ನನ್ನು ಕೇಳದೆ ಬೇರೆ ತಂಡಕ್ಕೆ ಕೊಟ್ಟದ್ದನ್ನು 1969ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ ಒಪ್ಪಲಿಲ್ಲ. ಕೋರ್ಟಿನಲ್ಲಿ ಸೋತರು, ಅವರ ಆಟದ ಬದುಕೇ ಮುಗಿಯಿತು. ಬೇಕಾದ ತಂಡ ಸೇರುವ ಬಿಡುಗಡೆ ಆಟಗಾರರಿಗೆ ಸಿಕ್ಕಿದ್ದು 1975ರ ಕೊನೆಗೆ. ಹತ್ತು ವರ್ಷವಾಗುವಷ್ಟರಲ್ಲಿ, ಬೇರೆಯವರ ಆಟಗಾರರಿಗೆ ಬೆಲೆ ಕೂಗಬಾರದೆಂದು ಮಾಲೀಕರು ತಮ್ಮತಮ್ಮಲ್ಲೇ ಒಳಒಪ್ಪಂದ ಮಾಡಿಕೊಂಡರು. ಸಿಕ್ಕಿಬಿದ್ದು 1990ರಲ್ಲಿ 28 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. 1994ರಲ್ಲಿ ಇದೇ ಸಂಬಳದ ಮಿತಿಗಾಗಿ ಪಟ್ಟು ಹಿಡಿದಿರಿ. ಆಟಗಾರರು ಮುಷ್ಕರ ಹೂಡಿದರು, ವರ್ಲ್ಡ್ ಸೀರೀಸೇ ರದ್ದಾಯಿತು. ಆ ವರ್ಷ 74 ಗೆದ್ದು 40 ಸೋತು ಎಲ್ಲರಿಗಿಂತ ಮುಂದಿದ್ದದ್ದು ಮಾಂಟ್ರಿಯಲ್. ಸಣ್ಣ ತಂಡಗಳನ್ನು ಉಳಿಸಲೆಂದು ಹೂಡಿದ ಯುದ್ಧದಲ್ಲಿ ಆ ಸಣ್ಣ ತಂಡಕ್ಕೆ ಬಿದ್ದ ಪೆಟ್ಟು ವಾಸಿಯಾಗಲೇ ಇಲ್ಲ. 2005ರಲ್ಲಿ ಅದು ಗಂಟುಮೂಟೆ ಕಟ್ಟಿ ವಾಷಿಂಗ್ಟನ್ನಿಗೆ ಹೋಯಿತು.

ಆದ್ದರಿಂದ ನನ್ನ ಕೋರಿಕೆಗಳನ್ನು ಇದೇ ಕ್ರಮದಲ್ಲಿ ಪರಿಗಣಿಸಬೇಕೆಂದು ವಿನಂತಿಸುತ್ತೇನೆ, ಏಕೆಂದರೆ ಮೊದಲನೆಯದು ಆಗದೆ ಉಳಿದವಕ್ಕೆ ಅರ್ಥವಿಲ್ಲ. ಸಂಬಳದ ಮಿತಿಯ ಮಾತೆತ್ತುವ ಮುನ್ನ 30 ತಂಡಗಳ ಲೆಕ್ಕವನ್ನೂ ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿ ಪ್ರಕಟಿಸಿ. ಸ್ಟೇಡಿಯಮ್ಮಿಗೆ ತೆರಿಗೆದಾರರ ಹಣ ಕೇಳುವವರು ತೆರಿಗೆದಾರರಿಗೆ ಲೆಕ್ಕ ತೋರಿಸಲು ನಾಚಬಾರದು. ಎರಡನೆಯದು, ಮೇಲಿನ ಮಿತಿಗಿಂತ ಮೊದಲು ಕೆಳಗಿನ ಮಿತಿ ತನ್ನಿ. ಹಂಚಿಕೆಯ ಹಣ ಪಡೆದ ತಂಡ ಇಂತಿಷ್ಟು ಸಂಬಳಕ್ಕೆ ಖರ್ಚು ಮಾಡಲೇಬೇಕು, ಮಾಡದಿದ್ದರೆ ಮರುವರ್ಷದ ಪಾಲು ತಾನಾಗಿಯೇ ಕಡಿತವಾಗಬೇಕು. ಸಂಘ ದೂರು ಕೊಡುವವರೆಗೆ ನೀವು ಕಾಯಬಾರದು. ಡಾಡ್ಜರ್ಸಿನಿಂದ ದಂಡ ವಸೂಲಿ ಮಾಡುವ ಚುರುಕುತನ ಇಲ್ಲೂ ಇರಲಿ.

ದೊಡ್ಡವರನ್ನು ಸುಮ್ಮನೆ ಬಿಡಿ ಎಂದೂ ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಪ್ರಸಾರದ ಒಪ್ಪಂದಗಳು 2028ಕ್ಕೆ ಮುಗಿಯುತ್ತವೆ. ಆಗ ಸ್ಥಳೀಯ ಟಿವಿ ಹಣದ ಇನ್ನೂ ದೊಡ್ಡ ಪಾಲು ಸಾಮಾನ್ಯ ನಿಧಿಗೆ ಬರಲಿ. ಡಾಡ್ಜರ್ಸ್ ಆಡಲು ಎದುರಿಗೊಂದು ತಂಡ ಬೇಕೇ ಬೇಕು, ಆ ಟಿವಿ ಹಣ ಅವರೊಬ್ಬರ ಸಂಪಾದನೆಯಲ್ಲ. ಲಾಸ್ ಏಂಜಲೀಸಿನವರು ಇದಕ್ಕೆ ಕೂಗಾಡುತ್ತಾರೆ, ಆಡಲಿ. ಆ ಹಣ ಆಟಗಾರರ ಸಂಬಳ ಕಡಿಯದೆಯೂ ನೆಲದ ಡೊಂಕನ್ನು ತಿದ್ದುತ್ತದೆ. ಮುಂದೂಡಿದ ಸಂಬಳದ ಬಗ್ಗೆ ಮಾತ್ರ ನನಗೆ ಅಷ್ಟು ಸಿಟ್ಟಿಲ್ಲ. ಓಟಾನಿ ಅದನ್ನು ತಾವಾಗಿಯೇ ಕೇಳಿದರು, ನಿಯಮ ಎಲ್ಲರಿಗೂ ಒಂದೇ. ಅದನ್ನೇ ದೊಡ್ಡ ಭೂತ ಮಾಡಿ ಉಳಿದದ್ದನ್ನು ಮರೆಸಬೇಡಿ.

ಕೊನೆಯದಾಗಿ, ಬೇರೆ ಊರಿಗೆ ಹೊರಡುವ ತಂಡದ ಶುಲ್ಕ ಇನ್ನು ಮುಂದೆ ಎಂದೂ ಮಾಫಿಯಾಗಬಾರದು. ಆ ಶುಲ್ಕದ ಒಂದು ಭಾಗ ಬಿಟ್ಟುಹೋದ ಊರಿಗೆ ಸೇರಲಿ, ಅಲ್ಲಿನ ಮಕ್ಕಳ ಮೈದಾನಗಳಿಗೆ ಬಳಕೆಯಾಗಲಿ. ಓಕ್‌ಲ್ಯಾಂಡಿಗೂ ಇದನ್ನು ಪೂರ್ವಾನ್ವಯವಾಗಿ ಕೊಡಿ ಎಂದು ಕೇಳುತ್ತಿದ್ದೇನೆ. ನೀವು ನಗಬಹುದು, ವಲಸೆಗೆ 30-0 ಮತ ಹಾಕಿದವರು ಮಾಫಿಯಾದ ಶುಲ್ಕವನ್ನು 30-0 ಮತದಿಂದಲೇ ವಸೂಲಿ ಮಾಡಲು ಯಾವ ಕಾನೂನೂ ಅಡ್ಡಿಯಿಲ್ಲವೆಂದು ನನ್ನ ತಿಳಿವಳಿಕೆ.

ಡಿಸೆಂಬರ್ 1ರ ಒಳಗೆ ಲೆಕ್ಕ ಪ್ರಕಟವಾದರೆ, ಅದರಲ್ಲಿ ಸಣ್ಣ ತಂಡಗಳು ನಿಜಕ್ಕೂ ಹಣವಿಲ್ಲದೆ ಒದ್ದಾಡುತ್ತಿರುವುದು ಕಂಡರೆ, ಸಂಬಳದ ಮಿತಿಯ ಪರವಾಗಿ ನಾನೇ ಇನ್ನೊಂದು ಪತ್ರ ಬರೆಯುತ್ತೇನೆ. ಲೆಕ್ಕ ತೋರಿಸದೆ ಸ್ಟೇಡಿಯಮ್ಮುಗಳಿಗೆ ಬೀಗ ಹಾಕಿದರೆ, 2027ರಲ್ಲಿ ಬಾಗಿಲು ತೆರೆದಾಗ ಟಿಕೆಟ್ ಕೊಳ್ಳುವವರ ಸಾಲಿನಲ್ಲಿ ನನ್ನನ್ನು ಹುಡುಕಬೇಡಿ.

ಇತಿ ತಮ್ಮ ವಿಶ್ವಾಸಿ,
ಫ್ರೀಮಾಂಟಿನ ಒಬ್ಬ ಅಭಿಮಾನಿ